ಒಡೆದ ಕಟ್ಟೆಗೆ ದುಡ್ಡು ಕೊಡುವವರು ಯಾರು? ಹರಿಹರದ ಎರಡು ಶಾಸನಗಳು ಹೇಳುವ ಲೆಕ್ಕ

ಕಳೆದ ಮಳೆಗಾಲದ ಒಂದು ಭಾನುವಾರ ನಾವು ನಾಲ್ಕು ಜನ ಸ್ನೇಹಿತರು ವಿಜಯನಗರದಿಂದ ಹೊರಟು ಕೆಂಗೇರಿ ಆಚೆ ಒಂದು ಕೆರೆ ಹತ್ತಿರ ಹೋಗಿದ್ವಿ. ಉದ್ದೇಶ ಎಂದಿನದೇ, ಹಳೇ ಕಲ್ಲು ಏನಾದರೂ ಕಾಣುತ್ತಾ ನೋಡೋಣ ಅಂತ. ದೇವಸ್ಥಾನದ ಹಿಂಭಾಗ, ಹೊಲದ ಬದು, ಕೆರೆ ಏರಿ, ತೂಬಿನ ಪಕ್ಕ, ಶಾಸನ ಹುಡುಕುವವರು ಸುತ್ತುವ ಜಾಗಗಳು ಇಷ್ಟೇ ತಾನೆ? ಆವತ್ತು ಶಾಸನ ಸಿಗಲಿಲ್ಲ. ಏರಿ ಮೇಲೆ ಹಸು ಮೇಯಿಸುತ್ತಾ ಕೂತಿದ್ದ ಹಿರಿಯರೊಬ್ಬರು ಸಿಕ್ಕರು.

"ಏನ್ ಸ್ವಾಮಿ ಹುಡುಕ್ತಾ ಇದ್ದೀರಿ, ನಿಧೀನಾ?"

"ಇಲ್ಲ ಯಜಮಾನ್ರೇ, ಅಕ್ಷರ ಇರೋ ಕಲ್ಲು."

"ಕಲ್ಲು ಹಂಗಿರ್ಲಿ, ಇದನ್ನ ನೋಡಿ" ಅಂತ ಏರಿಯ ಹಿಂಬದಿಯಲ್ಲಿ ಕಲ್ಲಿನ ಸಂದಿಯಿಂದ ಎದ್ದಿದ್ದ ಅರಳಿ ಗಿಡ ತೋರಿಸಿದರು. "ಇವತ್ತು ಗಿಡ. ನಾಳೆ ಮರ ಆಗಿ, ಆಮೇಲೆ ಸತ್ತು ಬೇರು ಕೊಳೆತ್ರೆ ಅದೇ ನೀರಿಗೆ ದಾರಿ. ಮುಂಚೆ ನೀರುಗಂಟಿ ಇದ್ದ, ಕಿತ್ತು ಬಿಸಾಕ್ತಿದ್ದ. ಈಗ ಯಾರನ್ನ ಕೇಳೋಣ ಹೇಳಿ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ಕೆರೆ, ಕಟ್ಟೆ, ಅಣೆಕಟ್ಟುಗಳ ಬಗ್ಗೆ ಕನ್ನಡ ನಾಡಿನಲ್ಲಿ ಇಷ್ಟೊಂದು ಶಾಸನಗಳಿವೆ. ಅವುಗಳಲ್ಲಿ ಕಟ್ಟಿಸಿದವರ ಹೆಸರನ್ನು ನಾವು ಓದುತ್ತೇವೆ, ರಾಜನ ಬಿರುದು ಓದುತ್ತೇವೆ, ಶಕವರ್ಷ ನೋಡಿ ಕ್ರಿಸ್ತಶಕಕ್ಕೆ ಲೆಕ್ಕ ಹಾಕುತ್ತೇವೆ. ಕಟ್ಟಿದ ಮೇಲೆ ಅದನ್ನು ನೋಡಿಕೊಂಡವರು ಯಾರು, ಒಡೆದಾಗ ದುಡ್ಡು ಎಲ್ಲಿಂದ ಬಂತು ಅನ್ನುವ ಸಾಲುಗಳ ಮೇಲೆ ಮಾತ್ರ ಕಣ್ಣು ಹಾಯಿಸಿ ಮುಂದೆ ಹೋಗಿಬಿಡುತ್ತೇವೆ. ಈ ಬರಹ ಆ ಸಾಲುಗಳ ಬಗ್ಗೆ.

ಎಲ್ಲರೂ ಬಿಟ್ಟು ಓದುವ ಶ್ಲೋಕ

ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯದ ಭಾಗ ನಿಮಗೆಲ್ಲ ಗೊತ್ತೇ ಇದೆ. ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪ, ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವ ಶಿಕ್ಷೆ ಇತ್ಯಾದಿ. ಅದರ ಜೊತೆಗೇ ಎಷ್ಟೋ ಶಾಸನಗಳಲ್ಲಿ ಇನ್ನೊಂದು ಶ್ಲೋಕ ಬರುತ್ತದೆ. ಕೊಡುವುದು ಮತ್ತು ಕೊಟ್ಟದ್ದನ್ನು ಕಾಪಾಡುವುದು, ಇವೆರಡರಲ್ಲಿ ಕಾಪಾಡುವುದೇ ಹೆಚ್ಚು, ದಾನದಿಂದ ಸ್ವರ್ಗ ಸಿಕ್ಕರೆ ಪಾಲನೆಯಿಂದ ಅದಕ್ಕೂ ಮೇಲಿನ, ಜಾರದ ಪದವಿ ಸಿಗುತ್ತದೆ ಎಂಬುದು ಅದರ ಅಭಿಪ್ರಾಯ. ಸಾವಿರ ಸಲ ಓದಿ ಓದಿ ನಮಗೆ ಅದು ಪತ್ರದ ಕೆಳಗಿನ 'ಇತಿ ತಮ್ಮ ವಿಶ್ವಾಸಿ' ಥರ ಆಗಿಬಿಟ್ಟಿದೆ.

ಆದರೆ ನೀರಿನ ಶಾಸನಗಳ ಮಟ್ಟಿಗೆ ಆ ಮಾತು ಬರೀ ಶಾಸ್ತ್ರಕ್ಕೆ ಬರೆದದ್ದಲ್ಲ ಅನ್ನಿಸುತ್ತದೆ. ದೇವಸ್ಥಾನ ಕಟ್ಟಿ ಹತ್ತು ವರ್ಷ ಬಿಟ್ಟರೂ ನಿಂತಿರುತ್ತದೆ. ಮಣ್ಣಿನ ಏರಿಯನ್ನು ಹತ್ತು ಮಳೆಗಾಲ ಬಿಟ್ಟರೆ ಅದು ಇರುತ್ತದೆ ಅನ್ನುವ ಭರವಸೆ ಇಲ್ಲ. ಹೆಗ್ಗಣದ ಬಿಲ, ಏಡಿಯ ತೂತು, ಮರದ ಬೇರು, ಕುಸಿದ ಕಲ್ಲುಕಟ್ಟಣೆ, ಹೂಳು ತುಂಬಿ ಮೇಲೆ ಬಂದ ತಳ, ಮುಚ್ಚಿಹೋದ ಕೋಡಿ, ಒಂದೊಂದೂ ಒಂದೊಂದು ಅಪಾಯ. ಇದನ್ನು ಬಲ್ಲವರೇ ಶಾಸನಗಳನ್ನು ಬರೆಸಿದ್ದಾರೆ.

ಅದಕ್ಕೇ ನಮ್ಮ ಶಾಸನಗಳಲ್ಲಿ ಕಟ್ಟೆಯ ನಿರ್ವಹಣೆಗೆ ಒಂದು ಶಬ್ದಕೋಶವೇ ಇದೆ. ಕೆರೆ ಕಟ್ಟಿಸಿದವರಿಗೆ ಅಥವಾ ದುರಸ್ತಿ ಮಾಡಿಸಿದವರಿಗೆ ಬಿಟ್ಟುಕೊಟ್ಟ ಗದ್ದೆ 'ಬಿತ್ತುವಟ್ಟ'. ಕಟ್ಟಿದವರಿಗೂ, ಅದನ್ನು ನೋಡಿಕೊಳ್ಳುವವರಿಗೂ ಕೊಟ್ಟ ಮಾನ್ಯ 'ಕಟ್ಟುಕೊಡಗೆ', 'ಕೆರೆಗೊಡಗೆ'. ಹೂಳು ಹೊತ್ತು ಏರಿಗೆ ಮಣ್ಣು ಹಾಕಲು ಇಟ್ಟದ್ದು 'ಕೆರೆಯ ಬಂಡಿ'. ಬಂಡಿಯ ಹಿಂದೆ ಅದನ್ನೆಳೆಯುವ ಕೋಣ, ಹೊಡೆಯುವ ಆಳು, ಗಾಲಿಗೆ ಎಣ್ಣೆ, ಗುದ್ದಲಿ, ಹಾರೆ ಎಲ್ಲ ಬರುತ್ತವೆ. ಗಾಲಿಗೆ ಹಾಕುವ ಎಣ್ಣೆಗೂ ಆದಾಯ ಗೊತ್ತು ಮಾಡಿಡುವವರು ಕೆರೆಯ ಬಗ್ಗೆ ಎಷ್ಟು ದೂರ ಯೋಚಿಸಿರಬೇಕು ನೋಡಿ.

ನಮ್ಮ ಬೆಂಗಳೂರಿನಲ್ಲೇ ಇದಕ್ಕೆ ಹಳೆಯ ಸಾಕ್ಷಿ ಇದೆ. ಬೆಳ್ಳಂದೂರು ಕಡೆಯ ಅಗರದ ಶಾಸನ ಸುಮಾರು 870ರದು, ಗಂಗರ ಸತ್ಯವಾಕ್ಯ ಪೆರ್ಮಾನಡಿಯ ಕಾಲದ್ದು. ಇರುಗಮಯ್ಯನ ಮಗ ಸಿರಿಮಯ್ಯ ಎರಡು ಕೆರೆಗಳಿಗೆ ತೂಬು ಇಡಿಸಿ, ಮೂಡಣ ಕೆರೆಯನ್ನು ಕಟ್ಟಿಸಿ, ಬಿತ್ತುವಟ್ಟ ಪಡೆದ ಸಂಗತಿ ಅದರಲ್ಲಿದೆ. ಹೊಸ ಕೆರೆ ಒಂದು, ತೂಬು ಎರಡು. ತೂಬು ಇಡಿಸುವುದು ಕೆರೆ ಕಟ್ಟಿಸುವುದರ ಜೊತೆಗೇ ಕಲ್ಲಿನ ಮೇಲೆ ಹೇಳಿಕೊಳ್ಳುವಂಥ ಕೆಲಸ ಎಂದು ಆಗಿನವರು ತಿಳಿದಿದ್ದರು.

ತಮಿಳುನಾಡಿನ ಉತ್ತರಮೇರೂರಿನಲ್ಲಿ ಚೋಳ ಪರಾಂತಕನ ಕಾಲದ, 10ನೇ ಶತಮಾನದ ಆರಂಭದ ಶಾಸನಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತವೆ. ಅಲ್ಲಿ 'ಏರಿ ವಾರಿಯಂ' ಅಂತ ಕೆರೆಗೇ ಒಂದು ಸಮಿತಿ. ಆರು ಜನ ಸದಸ್ಯರು, 360 ದಿನದ ಅವಧಿ, ಓಲೆ ಚೀಟಿಯನ್ನು ಮಡಕೆಗೆ ಹಾಕಿ ಎತ್ತುವ ಆಯ್ಕೆ. ಕೆಂಗೇರಿ ಯಜಮಾನರು ಕೇಳಿದ 'ಯಾರನ್ನ ಕೇಳೋಣ' ಅನ್ನುವ ಪ್ರಶ್ನೆಗೆ ಆ ಊರಿನಲ್ಲಿ ಉತ್ತರ ಇತ್ತು. ಈ ವರ್ಷ ಈ ಆರು ಜನ.

ಮೊದಲ ದೋಷ: ಜಿನುಗುವ ನೀರು

ಕೆರೆ ಕಟ್ಟುವ ಶಾಸ್ತ್ರವನ್ನೇ ಕಲ್ಲಿನಲ್ಲಿ ಬರೆಸಿದ ಶಾಸನ ಅಂದರೆ ಕಡಪ ಜಿಲ್ಲೆಯ ಪೋರುಮಾಮಿಳ್ಳದ್ದು. 1369ರಲ್ಲಿ ಒಂದನೆಯ ಬುಕ್ಕನ ಮಗ ಭಾಸ್ಕರ ಭವದೂರ ಕಟ್ಟಿಸಿದ ಕೆರೆ. ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ. ಸಂಸ್ಕೃತದ ಆ ಶಾಸನ ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ, ಆಗಬಾರದ 6 ದೋಷಗಳನ್ನೂ ಪಟ್ಟಿ ಮಾಡುತ್ತದೆ. ನೀರಿನ ಶಾಸ್ತ್ರ ಬಲ್ಲವನು, ಗಟ್ಟಿ ಮಣ್ಣಿನ ನೆಲ, ಹತ್ತಿರದಲ್ಲೇ ಕಲ್ಲು ಸಿಗುವ ಗಣಿ, ನುರಿತ ಕೆಲಸಗಾರರ ತಂಡ ಇವೆಲ್ಲ ಅಂಗಗಳು. ದೋಷಗಳಲ್ಲಿ ಮೊದಲನೆಯದು ಕಟ್ಟೆಯಿಂದ ನೀರು ಜಿನುಗುವುದು. ಎರಡು ರಾಜ್ಯಗಳ ಗಡಿಯ ಮೇಲೆ ಕೆರೆ ಇರುವುದನ್ನೂ ಶಾಸನ ದೋಷ ಎಂದೇ ಎಣಿಸುತ್ತದೆ. ಅದರ ಮಾತು ಮುಂದೆ ಬರುತ್ತದೆ.

ಜಿನುಗು ಮೊದಲ ದೋಷ ಯಾಕೆ ಅಂತ ಇವತ್ತಿನ ಎಂಜಿನಿಯರನ್ನು ಕೇಳಿದರೂ ಅದೇ ಉತ್ತರ ಸಿಗುತ್ತದೆ. ಮಣ್ಣಿನ ಏರಿಯಲ್ಲಿ ಸ್ವಲ್ಪ ನೀರು ಒಸರುವುದು ಸಹಜ. ಏರಿಯ ಹಿಂಬದಿಯ ಬುಡದಲ್ಲಿ ಬರುವ ಆ ನೀರು ತಿಳಿಯಾಗಿದ್ದರೆ ಕಣ್ಣಿಟ್ಟಿರಬೇಕು. ಕೆಸರು ಬಣ್ಣಕ್ಕೆ ತಿರುಗಿದರೆ ಏರಿಯ ಒಳಗಿನ ಮಣ್ಣು ತೊಳೆದು ಹೊರಗೆ ಬರುತ್ತಿದೆ, ಒಳಗೆ ಸುರಂಗ ಆಗುತ್ತಿದೆ ಎಂದು ಅರ್ಥ. ಆಗ ಸಮಯ ಗಂಟೆಗಳ ಲೆಕ್ಕದಲ್ಲಿ ಇರುತ್ತದೆ. ಗಾಬರಿಯಲ್ಲಿ ಜನ ಮಾಡುವ ಮೊದಲ ತಪ್ಪು, ನೀರು ಬರುವ ತೂತಿಗೆ ಹೊರಗಿನಿಂದ ಜೇಡಿಮಣ್ಣು ತುರುಕುವುದು. ಮುಚ್ಚಿದ ನೀರು ಪಕ್ಕದಲ್ಲಿ ಇನ್ನೊಂದು ದಾರಿ ಮಾಡಿಕೊಳ್ಳುತ್ತದೆ. ಬಲ್ಲವರು ಆ ಜಾಗದ ಸುತ್ತ ಮರಳಿನ ಮೂಟೆಗಳನ್ನು ಬಾವಿಕಟ್ಟೆಯ ಹಾಗೆ ಪೇರಿಸಿ, ಒಳಗೆ ಮರಳು ಜಲ್ಲಿ ಹಾಸುತ್ತಾರೆ. ನೀರು ಬರಲಿ, ಮಣ್ಣು ಬರಬಾರದು. ಅದರ ಜೊತೆಯಲ್ಲೇ ತೂಬು ಎತ್ತಿ ಕೆರೆಯ ಮಟ್ಟ ಇಳಿಸಬೇಕು, ಕೆಳಗಿನ ಜನಕ್ಕೆ ಸುದ್ದಿ ಮುಟ್ಟಿಸಬೇಕು.

ಇದನ್ನೆಲ್ಲ ಮಾಡಲು ಮೊದಲು ಯಾರಾದರೂ ದಿನಾ ಏರಿಯ ಹಿಂದೆ ನಡೆದು ನೋಡುತ್ತಿರಬೇಕು. ಊರಿನ ನೀರುಗಂಟಿಯ ಕೆಲಸ ಅದೇ ಆಗಿತ್ತು.

ಒಡೆದಾಗ: ಸುದರ್ಶನ ಕೆರೆಯ ನೆನಪು

ನಿತ್ಯದ ನಿರ್ವಹಣೆ ಎಷ್ಟೇ ಇದ್ದರೂ ಕೆಲವೊಮ್ಮೆ ಕಟ್ಟೆ ಒಡೆದೇ ಹೋಗುತ್ತದೆ. ಭಾರತದಲ್ಲಿ ಇಂಥ ಒಂದು ಒಡಕಿನ ಕತೆಯನ್ನು ಸವಿಸ್ತಾರವಾಗಿ ಹೇಳುವ ಅತಿ ಹಳೆಯ ಶಾಸನಗಳಲ್ಲಿ ಒಂದು ಗುಜರಾತಿನ ಜುನಾಗಢದ ಬಂಡೆಯ ಮೇಲಿದೆ. ಮಹಾಕ್ಷತ್ರಪ ರುದ್ರದಾಮನದು, ಸುಮಾರು ಕ್ರಿ.ಶ. 150. ಚಂದ್ರಗುಪ್ತ ಮೌರ್ಯನ ಅಧಿಕಾರಿ ಪುಷ್ಯಗುಪ್ತ ಕಟ್ಟಿಸಿದ್ದ, ಅಶೋಕನ ಕಾಲದಲ್ಲಿ ಯವನ ತುಷಾಸ್ಫ ಕಾಲುವೆಗಳನ್ನು ಸೇರಿಸಿದ್ದ ಸುದರ್ಶನ ಕೆರೆ ಒಂದು ಬಿರುಗಾಳಿ ಮಳೆಗೆ ಒಡೆಯಿತು. 420 ಮೊಳ ಉದ್ದ, ಅಷ್ಟೇ ಅಗಲ, 75 ಮೊಳ ಆಳದ ಬಿರುಕು. ರಾಜನ ಸಲಹೆಗಾರರು, ಕಾರ್ಯನಿರ್ವಾಹಕರು ಇಬ್ಬರೂ ಇದು ಆಗದ ಕೆಲಸ ಎಂದು ಕೈಚೆಲ್ಲಿದರು, ಜನ ಗೋಳಾಡಿದರು ಅಂತ ಶಾಸನವೇ ಹೇಳುತ್ತದೆ. ರಾಜಪ್ರಶಸ್ತಿಯೊಂದರಲ್ಲಿ ಮಂತ್ರಿಗಳು ಬೇಡ ಅಂದದ್ದನ್ನು ಬರೆಸಿರುವುದು ಅಪರೂಪ. ಕೊನೆಗೆ ಪ್ರಾಂತದ ಅಧಿಕಾರಿ ಸುವಿಶಾಖ ಕಟ್ಟೆಯನ್ನು ಮತ್ತೆ ಕಟ್ಟಿಸಿದ. ಹಣ ರಾಜನ ಸ್ವಂತ ಬೊಕ್ಕಸದ್ದು. ಜನರ ಮೇಲೆ ಹೊಸ ಕರ, ಬಿಟ್ಟಿ ಚಾಕರಿ ಹೇರಲಿಲ್ಲ ಎಂದು ಶಾಸನ ಒತ್ತಿ ಹೇಳುತ್ತದೆ.

ಮುನ್ನೂರು ವರ್ಷದ ನಂತರ ಅದೇ ಬಂಡೆಯ ಮೇಲೆ ಸ್ಕಂದಗುಪ್ತನ ಶಾಸನ. ಗುಪ್ತವರ್ಷ 136ರ, ಅಂದರೆ ಸುಮಾರು 455ರ ಭಾದ್ರಪದದ ಒಂದು ರಾತ್ರಿ ಸುದರ್ಶನ ಮತ್ತೆ ಒಡೆಯಿತು. ಮರುವರ್ಷ ಪರ್ಣದತ್ತನ ಮಗ ಚಕ್ರಪಾಲಿತ ಎರಡು ತಿಂಗಳಲ್ಲಿ ಅದನ್ನು ಕಟ್ಟಿ ನಿಲ್ಲಿಸಿದ. ನೂರು ಮೊಳ ಉದ್ದ, 68 ಮೊಳ ಅಗಲ, ಏಳು ಆಳೆತ್ತರ.

ನಮ್ಮ ಕೋಲಾರ ಜಿಲ್ಲೆಯ ಬೇತಮಂಗಲದ ಕೆರೆಯದೂ ಹೀಗೇ. ಹಳೆಯ ಹೆಸರು ವಿಜಯಾದಿತ್ಯಮಂಗಲ. 10ನೇ ಶತಮಾನದಲ್ಲಿ ನೊಳಂಬರು ಅದರ ಕಟ್ಟೆ ಸರಿಮಾಡಿಸಿದರು, 12ನೇ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಚೊಕ್ಕಿಮಯ್ಯ ಮತ್ತೆ ಸರಿಮಾಡಿಸಿದ. ರಾಜವಂಶ ಬದಲಾದರೂ ಒಡೆದ ಕಟ್ಟೆಯ ಜವಾಬ್ದಾರಿ ಅವರಿಂದ ಇವರಿಗೆ ಬಂತು.

ಹರಿಹರ: 1410 ಮತ್ತು 1424

ಈಗ ಹರಿಹರಕ್ಕೆ ಬರೋಣ. ಈ ವಿಷಯದಲ್ಲಿ ಇಡೀ ಕರ್ನಾಟಕದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಎರಡು ಶಾಸನಗಳು ಅಲ್ಲಿವೆ. ಎರಡನ್ನೂ ಬಿ. ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟದಲ್ಲಿ ದಾವಣಗೆರೆ ತಾಲ್ಲೂಕಿನ ಕೆಳಗೆ ಪ್ರಕಟಿಸಿದ್ದಾರೆ.

ಹರಿದ್ರಾ ಅನ್ನುವುದು ಸೂಳೆಕೆರೆಯಿಂದ, ಅಂದರೆ ಶಾಂತಿಸಾಗರದಿಂದ ಹೊರಟು ಹರಿಹರದ ಹತ್ತಿರ ತುಂಗಭದ್ರೆಗೆ ಸೇರುವ ಹೊಳೆ. 1410ರಲ್ಲಿ, ಒಂದನೆಯ ದೇವರಾಯನ ಕಾಲದಲ್ಲಿ, ಹರಿಹರದ ಬ್ರಾಹ್ಮಣರು ತಮ್ಮ ಖರ್ಚಿನಲ್ಲಿ ಆ ಹೊಳೆಗೆ ಅಣೆ ಕಟ್ಟಿ ಕಾಲುವೆ ತೆಗೆದರು. ಕಾಲುವೆ ಹರಿಹರೇಶ್ವರ ದೇವರ ಭೂಮಿಯಲ್ಲಿ ಹಾದುಹೋಗಬೇಕು. ಹಾಗಾಗಿ ದೇವಸ್ಥಾನಕ್ಕೂ ಬ್ರಾಹ್ಮಣರಿಗೂ ಒಂದು ಒಪ್ಪಂದ ಆಯಿತು, ಅದನ್ನು ಕಲ್ಲಿನಲ್ಲಿ ಬರೆಸಿದರು. ಕಾಲುವೆಯಿಂದ ನೀರಾವರಿ ಆಗುವ ದೇವರ ಭೂಮಿಯನ್ನು ಮೂರು ಪಾಲು ಮಾಡಿ, ಎರಡು ಪಾಲು ದೇವರಿಗೆ, ಒಂದು ಪಾಲು ಕಟ್ಟಿದ ಬ್ರಾಹ್ಮಣರಿಗೆ. ಮುಂದೆ ಬರುವ ಖರ್ಚನ್ನೂ ಅದೇ ಎರಡಕ್ಕೊಂದರ ಲೆಕ್ಕದಲ್ಲಿ ಹಂಚಿಕೊಳ್ಳಬೇಕು.

ಇಲ್ಲಿ ಸ್ವಲ್ಪ ನಿಲ್ಲಿ. ಲಾಭದ ಪಾಲನ್ನು ಬರೆಸುವ ಶಾಸನ ಬೇಕಾದಷ್ಟಿವೆ. ಖರ್ಚಿನ ಪಾಲನ್ನೂ, ಅದೂ ಅದೇ ಪ್ರಮಾಣದಲ್ಲಿ, ಕಟ್ಟುವಾಗಲೇ ಬರೆಸಿಟ್ಟದ್ದು ದೊಡ್ಡ ವಿಷಯ. ಎರಡು ಪಾಲು ಬೆಳೆ ತಿನ್ನುವವರು ಎರಡು ಪಾಲು ದುರಸ್ತಿ ಮಾಡಿಸಲಿ, ಒಂದು ಪಾಲು ತಿನ್ನುವವರು ಒಂದು ಪಾಲು. ಇದಕ್ಕಿಂತ ಸರಳವಾದ ನ್ಯಾಯ ಇನ್ನೇನಿದೆ? ಪೋರುಮಾಮಿಳ್ಳದ ಶಾಸನ ಎರಡು ರಾಜ್ಯದ ಗಡಿಯ ಕೆರೆಯನ್ನು ದೋಷ ಅಂದದ್ದು ಯಾಕೆಂದು ಈಗ ಗೊತ್ತಾಗುತ್ತದೆ. ಇಬ್ಬರು ಒಡೆಯರಿದ್ದು ಪಾಲು ಗೊತ್ತಾಗದಿದ್ದರೆ ಕಟ್ಟೆಯನ್ನು ಯಾರೂ ಕಾಯುವುದಿಲ್ಲ. ಹರಿಹರದಲ್ಲೂ ಪಾಲುದಾರರು ಇಬ್ಬರೇ, ಆದರೆ ಅವರು ಮೊದಲೇ ಪಾಲು ಗೊತ್ತು ಮಾಡಿಕೊಂಡರು.

ಹದಿನಾಲ್ಕು ವರ್ಷ ಕಳೆಯಿತು. 1424ರ ಶಾಸನ ಹೇಳುತ್ತದೆ, ಹರಿದ್ರಾ ಅಣೆ ಒಡೆದುಹೋಗಿದೆ. ಅಷ್ಟು ದೊಡ್ಡ ಒಡಕಿಗೆ ಎರಡಕ್ಕೊಂದರ ಪಾಲು ಸಾಲಲಿಲ್ಲ ಅಂತ ಕಾಣುತ್ತದೆ. ಬುಳ್ಳಪ್ಪ ಎಂಬಾತ ದೇವರಾಯನ ಸಮಸ್ತ ಸೈನ್ಯದ ಅಧಿಪತಿ ಚಾಮ ನೃಪಾಲನ ಹತ್ತಿರ ಹೋಗಿ ಕೇಳಿಕೊಂಡ. ಚಾಮ ನೃಪಾಲ ದ್ರವ್ಯ ಕೊಟ್ಟು ಅಣೆಯನ್ನು ಮತ್ತೆ ಕಟ್ಟಿಸಿದ.

ಎರಡೂ ಕಲ್ಲನ್ನು ಒಟ್ಟಿಗೆ ಓದಿದರೆ ಒಂದು ವ್ಯವಸ್ಥೆ ಕಾಣುತ್ತದೆ. ಪ್ರತಿ ವರ್ಷದ ದುರಸ್ತಿಗೆ ಫಲ ಪಡೆಯುವವರ ಪಾಲು. ಕೈಮೀರಿದ ದಿನಕ್ಕೆ ಮೇಲಿನವರ ಬೊಕ್ಕಸ. ಮತ್ತು ಇವೆರಡರ ನಡುವೆ, ಮೇಲಿನವರ ಬಾಗಿಲು ತಟ್ಟುವ ಒಬ್ಬ ಮನುಷ್ಯ. ಬುಳ್ಳಪ್ಪ ಹೋಗಿ ಕೇಳದೇ ಇದ್ದಿದ್ದರೆ ಚಾಮ ನೃಪಾಲನಿಗೆ ಹರಿಹರದ ಹೊಳೆಯ ಚಿಂತೆ ಯಾಕೆ ಬರುತ್ತಿತ್ತು?

ರಕ್ತ ಬೇಡಿದ ಕಟ್ಟೆ

ವ್ಯವಸ್ಥೆ, ವಿದ್ಯೆ ಎರಡೂ ಸೋತಾಗ ಏನಾಗುತ್ತದೆ ಅನ್ನುವುದಕ್ಕೂ ಅದೇ ವಿಜಯನಗರ ಸಾಮ್ರಾಜ್ಯದಲ್ಲೇ ಸಾಕ್ಷಿ ಇದೆ. ಕೃಷ್ಣದೇವರಾಯ ಹೊಸಪೇಟೆಯ ಹತ್ತಿರ ದೊಡ್ಡ ಕೆರೆ ಕಟ್ಟಿಸುತ್ತಿದ್ದುದನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕಣ್ಣಾರೆ ನೋಡಿದ್ದ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಕೆಲಸ ಮಾಡುತ್ತಿದ್ದರು ಎನ್ನುತ್ತಾನೆ. ಕಟ್ಟೆ ಎರಡು ಮೂರು ಸಲ ಒಡೆಯಿತು. ಕೇಳಿದಾಗ ಪುರೋಹಿತರು ಬಲಿ ಬೇಕು ಅಂದರು, 60 ಜನರ ತಲೆ ಕಡಿಸಿದರು, ಕುದುರೆ ಕೋಣಗಳನ್ನೂ ಬಲಿಕೊಟ್ಟರು ಎಂದು ಪಾಯಸ್ ಬರೆದಿದ್ದಾನೆ. ಕೆಲವು ವರ್ಷಗಳ ನಂತರ ಬರೆದ ನೂನಿಜ್, ಅವರು ಮರಣದಂಡನೆಗೆ ಗುರಿಯಾಗಿದ್ದ ಕೈದಿಗಳು ಎನ್ನುತ್ತಾನೆ. ಕಲ್ಲು ಕಟ್ಟುವುದರಲ್ಲಿ ನುರಿತ ಒಬ್ಬ ಪೋರ್ಚುಗೀಸನ ನೆರವು ಪಡೆದದ್ದನ್ನೂ ಹೇಳುತ್ತಾನೆ.

ನಮ್ಮ ಜನಪದದಲ್ಲಿ ಭಾಗೀರಥಿಯ 'ಕೆರೆಗೆ ಹಾರ' ಕತೆ ಎಲ್ಲರಿಗೂ ಗೊತ್ತು. ಕೆರೆಗೆ ನೀರು ಬರಲಿಲ್ಲ ಅಂತ ಮನೆಯ ಕಿರಿಸೊಸೆಯನ್ನು ಕೊಟ್ಟ ಕತೆ. ಕಟ್ಟೆ ಯಾಕೆ ನಿಲ್ಲುತ್ತಿಲ್ಲ ಅಂತ ಗೊತ್ತಾಗದೆ ಹೋದಾಗ ಅದರ ಬೆಲೆ ತೆರುವವರು ಯಾವಾಗಲೂ ಮಾತಾಡಲು ಶಕ್ತಿ ಇಲ್ಲದವರೇ. ಕೈದಿ, ಕಿರಿಸೊಸೆ. ಇವತ್ತು ಏರಿಯ ಕೆಳಗಿನ ತಗ್ಗಿನಲ್ಲಿ ಬಾಡಿಗೆ ಕಡಿಮೆ ಅಂತ ಮನೆ ಮಾಡಿದವರು.

ಸರಿಯಾಗಿ 600 ವರ್ಷದ ನಂತರ

1424ರಲ್ಲಿ ಹರಿದ್ರಾ ಅಣೆ ಒಡೆದಾಗ ನುಗ್ಗಿದ ನೀರು ತುಂಗಭದ್ರೆಗೆ ಸೇರಿ ಕೆಳಗೆ ಹೊಸಪೇಟೆ ಕಡೆ ಹರಿದಿರಬೇಕು. ಅದೇ ನದಿಗೆ ಅಡ್ಡಲಾಗಿ ಈಗ ತುಂಗಭದ್ರಾ ಅಣೆಕಟ್ಟು ಇದೆ. 1953ರಲ್ಲಿ ಮುಗಿದದ್ದು, 33 ಕ್ರಸ್ಟ್ ಗೇಟ್‌ಗಳು, ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. 2024ರ ಆಗಸ್ಟ್ 10ರ ರಾತ್ರಿ, ಜಲಾಶಯ ಹೆಚ್ಚುಕಡಿಮೆ ತುಂಬಿದ್ದಾಗ, 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು.

ಆ ರಾತ್ರಿ ಮಾಡಿದ ಮೊದಲ ಕೆಲಸ ಗಮನಿಸಿ. ಉಳಿದ ಗೇಟುಗಳನ್ನು ತೆರೆದರು. ಒಂದೇ ಬಾಯಿಯ ಮೇಲೆ ಒತ್ತಡ ಬೀಳದಿರಲಿ, ಮಟ್ಟ ಇಳಿಯಲಿ ಅಂತ. ಕೆಳಗಿನ ಊರುಗಳಿಗೆ ಎಚ್ಚರಿಕೆ ಹೋಯಿತು. ಆಮೇಲೆ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸ್ಟಾಪ್‌ಲಾಗ್, ಅಂದರೆ ಒಂದರ ಮೇಲೊಂದು ಕೂರಿಸುವ ಉಕ್ಕಿನ ಅಡ್ಡಹಲಗೆಗಳನ್ನು ತರಾತುರಿಯಲ್ಲಿ ಮಾಡಿಸಿದರು. ಅಂಗಡಿಯಲ್ಲಿ ಸಿಗುವ ವಸ್ತುವಲ್ಲ ಅದು, ಹೊಸದಾಗಿಯೇ ಆಗಬೇಕಿತ್ತು. ಜಲಾಶಯ ಗೇಟಿನ ಬುಡದವರೆಗೆ ಇಳಿಯಲಿ ಅಂತ ಕಾದಿದ್ದರೆ ರೈತರ ಆ ವರ್ಷದ ನೀರು ಹೆಚ್ಚುಪಾಲು ಹೊರಟುಹೋಗುತ್ತಿತ್ತು. ಹರಿಯುವ ನೀರಿನಲ್ಲೇ ಆಗಸ್ಟ್ 16ರಂದು ಮೊದಲ ಹಲಗೆ ಕೂತಿತು, ಮರುದಿನ ಉಳಿದವು. ಒಂದು ವಾರದಲ್ಲಿ ಬಾಯಿ ಮುಚ್ಚಿತು. ಚಕ್ರಪಾಲಿತನ ಎರಡು ತಿಂಗಳನ್ನು ಶಾಸನ ಹೊಗಳಿದ್ದರೆ ಈ ಒಂದು ವಾರಕ್ಕೂ ಒಂದು ಕಲ್ಲು ನಿಲ್ಲಿಸಬಹುದು.

ಆದರೆ ಆ ಕಲ್ಲಿನಲ್ಲಿ ಇನ್ನೊಂದು ಸಾಲೂ ಇರಬೇಕಾಗುತ್ತದೆ. ಎಪ್ಪತ್ತು ವರ್ಷ ದಾಟಿದ ಗೇಟುಗಳ ಒಂದೊಂದು ಕೊಂಡಿಯನ್ನೂ ಮಳೆಗಾಲಕ್ಕೆ ಮುಂಚೆ ಪರೀಕ್ಷಿಸಬೇಕು, ಬದಲಿ ಸಾಮಾನು ಮೊದಲೇ ಸಿದ್ಧ ಇರಬೇಕು ಎಂಬ ಸಾಲು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಇದನ್ನೇ ಹೇಳುತ್ತದೆ. ಮಳೆಗಾಲದ ಹಿಂದೆ ಮುಂದೆ ತಪಾಸಣೆ, ತುರ್ತು ಕ್ರಿಯಾ ಯೋಜನೆ, ಅಪಾಯದ ಮುನ್ಸೂಚನೆ. ಕೆರೆಯ ಬಂಡಿಗೂ ಗಾಲಿಯ ಎಣ್ಣೆಗೂ ಗದ್ದೆ ಬಿಟ್ಟವರು ಮಾಡಿದ್ದ ವ್ಯವಸ್ಥೆಗೆ ಇದು ಹೊಸ ಕಾಲದ ಹೆಸರು.

ನಮ್ಮ ಪಡುವಣ ಬೆಂಗಳೂರು

ಆ ಕಾಯ್ದೆ 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ, ಮತ್ತು 10ರಿಂದ 15 ಮೀಟರಿನವುಗಳಲ್ಲಿ ಕೆಲವಕ್ಕೆ ಮಾತ್ರ. ನಮ್ಮ ನಗರದ ಕೆರೆ ಏರಿಗಳು ಬಹುಮಟ್ಟಿಗೆ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಏರಿ ಗಿಡ್ಡವಾದರೆ ಅಪಾಯ ಕಡಿಮೆಯೇ? ಹಿಂದೆ ಏರಿಯ ಕೆಳಗೆ ಅಚ್ಚುಕಟ್ಟಿನ ಗದ್ದೆ ಇತ್ತು, ಒಡೆದರೆ ಬೆಳೆ ಹೋಗುತ್ತಿತ್ತು. ಈಗ ಅದೇ ಅಚ್ಚುಕಟ್ಟಿನಲ್ಲಿ ಬಡಾವಣೆ ಇದೆ.

ರಾಜಾಜಿನಗರ, ವಿಜಯನಗರ, ಮೈಸೂರು ರಸ್ತೆ, ಕೆಂಗೇರಿ, ಇಲ್ಲೆಲ್ಲ ಬಿದ್ದ ಮಳೆ ಹೆಚ್ಚಾಗಿ ವೃಷಭಾವತಿಗೆ ಸೇರಿ, ಬಿಡದಿ ಹತ್ತಿರದ ಬೈರಮಂಗಲ ಜಲಾಶಯದ ಮೂಲಕ ಅರ್ಕಾವತಿಗೆ ಹೋಗುತ್ತದೆ. ಈ ಕಣಿವೆಯಲ್ಲಿ ಮೊದಲು ಕೆರೆಗಳ ಸರಪಳಿ ಇತ್ತು. ಕುರುಬರಹಳ್ಳಿ ಕೆರೆ ಮನೆಗಳಾಯಿತು, ಶಿವನಹಳ್ಳಿ ಕೆರೆ ಆಟದ ಮೈದಾನ ಆಯಿತು. ಉಳಿದ ಕೆರೆಗಳ ಮೇಲೆ ಕಾಂಕ್ರೀಟಿನಿಂದ ಜಾರಿ ಬರುವ ನೀರಿನ ಭಾರ ಹೆಚ್ಚಿತು. 2019ರ ಕೊನೆಯಲ್ಲಿ ತುಮಕೂರು ರಸ್ತೆ ಕಡೆಯ ದೊಡ್ಡಬಿದರಕಲ್ಲು, ಹೊಸಕೆರೆಹಳ್ಳಿ, ಬನ್ನೇರುಘಟ್ಟ ರಸ್ತೆ ಕಡೆಯ ಹುಳಿಮಾವು, ಒಂದಾದ ಮೇಲೊಂದು ಮೂರು ಕೆರೆಗಳ ಏರಿ ಒಡೆದು ಮನೆಗಳಿಗೆ ನೀರು ನುಗ್ಗಿತು. ಹುಳಿಮಾವಿನದು ನವೆಂಬರ್ 24ರ ಭಾನುವಾರ. ಒಡೆದ ಮೇಲೆ ಎದ್ದ ಮೊದಲ ಚರ್ಚೆ ಈ ಕೆರೆ ಯಾರ ಸುಪರ್ದಿಯಲ್ಲಿದೆ ಎಂಬುದು. ಹರಿಹರದವರು 1410ರಲ್ಲಿ ಕಟ್ಟುವ ಮೊದಲೇ ಬಗೆಹರಿಸಿಕೊಂಡ ಪ್ರಶ್ನೆ ಅದು.

ಇನ್ನೊಂದು ವಿಷಯ. ಗದ್ದೆ ಹೋದ ಮೇಲೆ ತೂಬು ಯಾರಿಗೂ ಬೇಡವಾಯಿತು. ಎಷ್ಟೋ ಕಡೆ ಮಣ್ಣು ಮುಚ್ಚಿದೆ, ಕಡೆಗಾಲುವೆಯ ಮೇಲೆ ರಸ್ತೆ ಬಂದಿದೆ. ಆದರೆ ತೂಬು ಇದ್ದದ್ದು ಗದ್ದೆಗೆ ಮಾತ್ರ ಅಲ್ಲ. ಅಪಾಯದ ದಿನ ಮಟ್ಟ ಇಳಿಸಲು ಇರುವ ಕೈಯೂ ಅದೇ. ಹೆಚ್ಚಾದ ನೀರು ಏರಿ ದಾಟದಂತೆ ಕಾಯುವುದು ಕೋಡಿ, ಅದು ಕಿರಿದಾದರೆ ನೀರು ಏರಿಯ ಮೇಲೆ ಹತ್ತುತ್ತದೆ, ಮಣ್ಣಿನ ಏರಿ ಅದನ್ನು ತಡೆಯುವುದಿಲ್ಲ. ತುಂಗಭದ್ರೆಯಲ್ಲಿ ಒಂದು ಗೇಟು ಹೋದಾಗ ತೆರೆಯಲು ಇನ್ನೂ 32 ಇದ್ದವು. ತೂಬು ಮುಚ್ಚಿದ, ಕೋಡಿ ಕಿರಿದಾದ ನಗರದ ಕೆರೆಗೆ ಮಳೆಯ ರಾತ್ರಿ ಏನಿದೆ? ಸಿರಿಮಯ್ಯ ಎರಡು ತೂಬಿನ ಕೆಲಸವನ್ನು ಕಲ್ಲಿನಲ್ಲಿ ಯಾಕೆ ಬರೆಸಿಕೊಂಡ ಅನ್ನುವುದು ನನಗೆ ಇದನ್ನು ಯೋಚಿಸುವಾಗಲೇ ಅರ್ಥ ಆದದ್ದು.

ಹಾಗಂತ ಹಳೇ ಕಾಲ ಎಲ್ಲ ಚಂದ ಇತ್ತು ಅನ್ನುವುದಕ್ಕೆ ನಾನು ತಯಾರಿಲ್ಲ. ಹೊಸಪೇಟೆಯ 60 ತಲೆಗಳನ್ನು ಮರೆಯುವುದು ಹೇಗೆ? ಜಾತಿಯ ಲೆಕ್ಕದಲ್ಲಿ ಪಾಲು, ಬಿಟ್ಟಿ ಚಾಕರಿ ಎಲ್ಲ ಆ ವ್ಯವಸ್ಥೆಯ ಭಾಗವೇ ಆಗಿತ್ತು. ಕಲಿಯಬೇಕಾದ್ದು ಇಷ್ಟು ಮಾತ್ರ. ಫಲ ಯಾರಿಗೆ ಮತ್ತು ಖರ್ಚು ಯಾರದು ಎಂಬುದನ್ನು ಅವರು ಒಂದೇ ಕಲ್ಲಿನಲ್ಲಿ, ಎಲ್ಲರಿಗೂ ಕಾಣುವಂತೆ ಬರೆದಿಟ್ಟರು. ನಮ್ಮ ಕೆರೆಯ ದಡದ ಬೋರ್ಡಿನಲ್ಲಿ ಈಜಬಾರದು, ಕಸ ಹಾಕಬಾರದು ಅಂತ ಇರುತ್ತದೆ. ಏರಿ ಜಿನುಗಿದರೆ ಯಾರಿಗೆ ಫೋನ್ ಮಾಡಬೇಕು, ತೂಬಿನ ಚಾವಿ ಯಾರ ಹತ್ತಿರ, ಕೊನೆಯ ತಪಾಸಣೆ ಯಾವತ್ತು ಆಯಿತು ಎಂಬ ಮೂರು ಸಾಲು ಅದೇ ಬೋರ್ಡಿನಲ್ಲಿ ಬರೆಸಲು ಎಷ್ಟು ಖರ್ಚಾದೀತು?

ನಮ್ಮಂಥ ಶಾಸನಾಸಕ್ತರು ಮಾಡಬಹುದಾದ ಒಂದು ಸಣ್ಣ ಕೆಲಸ ಇದೆ. ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಥ್ರೀಡಿ ಸ್ಕ್ಯಾನ್ ಮಾಡುತ್ತಿರುವುದರಿಂದ ಕಲ್ಲಿನ ಅಕ್ಷರ ಉಳಿಯುತ್ತದೆ, ಸಂತೋಷ. ಮುಂದಿನ ಸಲ ಕೆರೆ ಏರಿಯ ಮೇಲೆ ಕಲ್ಲು ಹುಡುಕಲು ಹೋದಾಗ ತೂಬಿನದೂ ಒಂದು ಫೋಟೋ ತೆಗೆಯಿರಿ, ಕೋಡಿಯದೂ ತೆಗೆಯಿರಿ. ಏರಿಯ ಹಿಂದೆ ಇಳಿದು ಬುಡದಲ್ಲಿ ನೀರು ಒಸರುತ್ತಿದೆಯೇ, ಅದರ ಬಣ್ಣ ಏನು ನೋಡಿ. ದಿನಾಂಕ ಬರೆದಿಡಿ. ಕೆಸರು ನೀರು ಕಂಡರೆ ನೀವೇ ಏನನ್ನೂ ತುರುಕಲು ಹೋಗಬೇಡಿ, ಕೆಳಗಿನ ಮನೆಯವರಿಗೂ ಸಂಬಂಧಪಟ್ಟ ಕಚೇರಿಗೂ ತಕ್ಷಣ ತಿಳಿಸಿ.

ಮೊನ್ನೆ ಮತ್ತೆ ಆ ಕೆರೆ ಕಡೆ ಹೋಗಿದ್ದೆ. ಯಜಮಾನರು ಇರಲಿಲ್ಲ. ಅರಳಿ ಗಿಡ ಇತ್ತು, ಮೊಣಕಾಲೆತ್ತರ ಆಗಿತ್ತು. ಫೋಟೋ ತೆಗೆದು, ಅರ್ಜಿ ಬರೆದು ಕಚೇರಿಗೆ ಕೊಟ್ಟು ಬಂದಿದ್ದೇನೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ. ನಿಮ್ಮ ಊರಿನ ಕಟ್ಟೆ, ಕೆರೆ, ಅಣೆಗಳ ದುರಸ್ತಿಯ ಬಗ್ಗೆ ಹೇಳುವ ಶಾಸನ ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಕಟ್ಟಿಸಿದವರ ಪಟ್ಟಿ ನಮ್ಮ ಹತ್ತಿರ ಸಾಕಷ್ಟಿದೆ, ಕಾಪಾಡಿದವರ ಪಟ್ಟಿ ಇನ್ನು ಶುರು ಮಾಡಬೇಕು.